ಓಮೇರನ ಪ್ಯಾಡು

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಆ ಮಧ್ಯಾಹ್ನ ನಮ್ಮ ಬೆಳ್ಳಿಗಣಿಯ ಜನವೆಲ್ಲ ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದೇನೆ.

ಮಂಜುಗಡ್ಡೆಯ ಮೇಲೆ ಆಡುವ ಊರಿನ ಐಸ್-ಹಾಕಿ ತಂಡಕ್ಕೆ ನಾನು ಸಂಬಳದ ಗೋಲ್‌ಕೀಪರ್. ನನಗಿಂತ ಮುಂಚೆ ಇದ್ದ ಓಮೇರ್ ಗಂಟಲಿಗೆ, ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆ ಬಡಿದು ಸತ್ತಿದ್ದ. ಅವನು ಕಾಲಿಗೆ ಕಟ್ಟುತ್ತಿದ್ದ ಚರ್ಮದ ಪ್ಯಾಡುಗಳು ನನಗೆ ಬಂದವು. ಕೈಬೆರಳು ಮರಗಟ್ಟುವ ಚಳಿಯಲ್ಲೂ ಅವು ಯಾರೋ ಈಗಷ್ಟೇ ಬಿಚ್ಚಿಟ್ಟಂತೆ ಬೆಚ್ಚಗಿದ್ದವು.

ಗೋಲ್‌ಕೀಪರ್ ನಿಂತೇ ತಡೆಯಬೇಕು, ಬಿದ್ದು ತಡೆದರೆ ಸ್ವಲ್ಪ ಹೊತ್ತು ಹೊರಗೆ ಕೂರಬೇಕು ಎಂಬುದು ನಿಯಮ. ಓಮೇರ್ ಅದನ್ನು ಒಪ್ಪಿರಲಿಲ್ಲ; ನಾನೂ ಒಪ್ಪಲಿಲ್ಲ. ಆ ಮಧ್ಯಾಹ್ನವೂ ಬಿದ್ದು ತಡೆದೆ. ರೆಫರಿ ಹೊರಗಟ್ಟಿದ.

"ಗೋಲಿಗೆ ಯಾರನ್ನ ನಿಲ್ಲಿಸ್ತೀಯೋ ಆಂಗಸ್? ಸತ್ತೋನನ್ನ ಕರೀತೀಯಾ?" ಎಂದು ಎದುರಾಳಿ ಡಂಕನ್ ಕಿಚಾಯಿಸಿದ.

"ಯಾರೂ ಬೇಡ ಕಣೋ! ತಾಕತ್ತಿದ್ರೆ ಹೊಡಿ!" ಎಂದ ನಮ್ಮ ನಾಯಕ ಆಂಗಸ್.

ಡಂಕನ್ ಹೊಡೆದ. ಖಾಲಿ ಗೋಲಿನ ಬಾಯಲ್ಲಿ ಬಿಲ್ಲೆ ಯಾವುದಕ್ಕೋ ಧಪ್ಪೆಂದು ಬಡಿದು ಕೆಳಗೆ ಬಿತ್ತು. ಅದೇ ಕ್ಷಣ ಬೆಂಚಿನ ಮೇಲಿದ್ದ ನನ್ನ ಎಡಗಾಲಿಗೆ ಪೆಟ್ಟು ಬಿತ್ತು. ಮತ್ತೆ ಹೊಡೆದ, ನನ್ನ ಬಲಗಾಲು ಅದುರಿತು. ಗೋಲಾದರೆ ಕರವಸ್ತ್ರ ಬೀಸಬೇಕಾದ ಗೋಲು-ತೀರ್ಪುಗಾರ ಅದನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದ.

ಗೆದ್ದೆವು. ಆದರೂ ಆಂಗಸ್ ನನ್ನ ಪ್ಯಾಡುಗಳತ್ತ ಬೆರಳು ತೋರಿಸಿ, "ಸುಟ್ಟಾಕು ಅವನ್ನ," ಎಂದ.

"ಯಾಕೆ ಸುಡ್ಲಿ? ಮುಂದಿನ ಆಟಕ್ಕೂ ಬೀಳ್ತೀನಿ. ಏನ್ ಮಾಡ್ಕೋತಾರೋ ಮಾಡ್ಕೊಳ್ಲಿ," ಎಂದೆ.

ಇಂದಿಗೂ ಅವನ್ನೇ ಕಟ್ಟುತ್ತೇನೆ. ಬೆಳಿಗ್ಗೆ ಗೂಟದಿಂದ ಇಳಿಸುವಾಗ ಚರ್ಮ ಬೆಚ್ಚಗಿರುತ್ತದೆ. ಮೊಣಕಾಲಿನ ಜಾಗದಲ್ಲಿ ಮಾತ್ರ ಐಸಿನ ಪುಡಿ ಕರಗದೆ ಅಂಟಿರುತ್ತದೆ, ಯಾರೋ ಆಗಷ್ಟೇ ಬಿದ್ದು ತಡೆದು ಎದ್ದ ಹಾಗೆ.