ಅಪಠಿತ ಪ್ರಮಾಣಪತ್ರ

ಸ್ಪರ್ಶಶೋಧಕ ಯಂತ್ರವು ಪುಟ ತಿರುವುವಾಗ ಸದ್ದು ಮಾಡುತ್ತಿರಲಿಲ್ಲ. ಗಾಜಿನ ಪೆಟ್ಟಿಗೆಯೊಳಗೆ ಎರಡು ರಬ್ಬರಿನ ಬೆರಳುಗಳು ಒಂದೊಂದೇ ಹಾಳೆಯನ್ನು ಎತ್ತುತ್ತಿದ್ದವು. ಮೇಲಿನಿಂದ ತಿಳಿನೀಲಿ ಬೆಳಕು ಬೀಳುತ್ತಿತ್ತು. ಆ ಹಾಳೆಯನ್ನು ಯಾರಾದರೂ ಎಂದಾದರೂ ಮುಟ್ಟಿದ್ದರೆ, ಪಕ್ಕದ ಪರದೆಯ ಮೇಲೆ ಹಳದಿ ಚುಕ್ಕೆ ಮೂಡಬೇಕಿತ್ತು. ಆ ದಿನ ಬೆಳಗಿನಿಂದ ಒಂದು ಚುಕ್ಕೆಯೂ ಮೂಡಿರಲಿಲ್ಲ. ಮಲಪ್ರಭಾ ವಿಶ್ವವಿದ್ಯಾಲಯದ ಮಾಜಿ ಡೀನರೊಬ್ಬರು ನಲವತ್ತು ವರ್ಷ ಹಿಂದೆ ಬರೆದ ನಾನೂರು ಪುಟಗಳ ಮಹಾಪ್ರಬಂಧವನ್ನು ಯಂತ್ರ ಪೂರ್ತಿ ತಿರುವಿ ಹಾಕಿ, ‘ಓದುಗರು: ಶೂನ್ಯ’ ಎಂದು ತೀರ್ಪು ಕೊಟ್ಟಿತು. ಡೀನರು ಹಿಗ್ಗಿನಿಂದ ಎದ್ದು ನಿಂತು ಅಲ್ಲಿದ್ದವರ ಕೈ ಕುಲುಕಿದರು.

ತನ್ನ ಪುಸ್ತಕವನ್ನು ಯಾರೂ ಓದಿಲ್ಲವೆಂದು ಒಬ್ಬ ವಿದ್ವಾಂಸ ಹಿಗ್ಗುವ ಕಾಲ ಹೇಗೆ ಬಂತು ಎಂಬುದನ್ನು ಹೇಳಲೇಬೇಕು. ಹಿಂದೆ ಒಂದು ಶೋಧ ಗ್ರಂಥಾಲಯದ ಕಪಾಟು ಸೇರಿತೆಂದರೆ ಅದು ಬಹಿರಂಗವಾದಂತೆ. ಬಹಿರಂಗವಾದದ್ದಕ್ಕೆ ಪೇಟೆಂಟ್ ಇಲ್ಲ. ಪೇಟೆಂಟ್ ಇಲ್ಲದ್ದನ್ನು ಯಾವ ಕಂಪನಿಯೂ ಮುಟ್ಟುತ್ತಿರಲಿಲ್ಲ. ಹೀಗಾಗಿ ದೇಶದ ಗ್ರಂಥಾಲಯಗಳಲ್ಲಿ ಲಕ್ಷಗಟ್ಟಲೆ ಒಳ್ಳೆಯ ಶೋಧಗಳು ಧೂಳು ತಿನ್ನುತ್ತಾ ಬಿದ್ದಿದ್ದವು. ಆಗ ಬಂದದ್ದೇ ಅಪಠಿತ ಕಾಯ್ದೆ. ಕಪಾಟಿನಲ್ಲಿದ್ದರೂ ಯಾರೂ ಓದಿಲ್ಲದ ಶೋಧವನ್ನು ಹೊಸದೆಂದೇ ತಿಳಿಯಬೇಕು ಎಂದು ಅದು ಹೇಳಿತು. ಗಣಕದಲ್ಲಿದ್ದ ಪ್ರತಿಯನ್ನು ಯಾರೂ ತೆರೆದಿಲ್ಲವೆಂದು ಗಣಕವೇ ಸಾಕ್ಷಿ ಹೇಳುತ್ತಿತ್ತು. ಕಾಗದದ ಪ್ರತಿಗೆ ಸಾಕ್ಷಿ ಯಾರು? ಅದಕ್ಕಾಗಿ ಸ್ಪರ್ಶಶೋಧಕ ಹುಟ್ಟಿತು. ಬೆರಳಿನ ಎಣ್ಣೆ ಮತ್ತು ಉಪ್ಪು ಕಾಗದದಲ್ಲಿ ಉಳಿಯುತ್ತವೆ, ವರ್ಷ ಕಳೆದಂತೆ ಬಣ್ಣ ಬದಲಿಸುತ್ತವೆ. ಪುಟ ಎಷ್ಟು ಹೊತ್ತು ತೆರೆದಿತ್ತೆಂಬುದು ಅದಕ್ಕೆ ತಗುಲಿದ ಬೆಳಕಿನಿಂದ ತಿಳಿಯುತ್ತದೆ. ಪರೀಕ್ಷಕರು ಓದಿದ್ದನ್ನು ಕಾಯ್ದೆ ಮನ್ನಿಸಿತ್ತು. ಅದರ ಅಗತ್ಯ ಅಷ್ಟಾಗಿ ಬೀಳಲಿಲ್ಲವೆಂಬುದು ಬೇರೆ ಮಾತು.

ಮಧ್ಯಾಹ್ನದ ಸರದಿ ಡಾ. ಇಂದುಮತಿ ಹುಯಿಲಗೋಳ ಅವರದು. ರಸಾಯನಶಾಸ್ತ್ರದ ಪ್ರಾಧ್ಯಾಪಕಿ, ನಿವೃತ್ತಿಗೆ ಇನ್ನೆರಡು ವರ್ಷವಿತ್ತು. ಇಪ್ಪತ್ತೆಂಟು ವರ್ಷ ಹಿಂದೆ ಅವರು ಹುಣಸೆ ಬೀಜದ ಹಿಟ್ಟನ್ನು ಸುಣ್ಣದ ತಿಳಿನೀರಿನಲ್ಲಿ ಕುದಿಸಿ ಒಂದು ಅಂಟು ಕಂಡುಹಿಡಿದಿದ್ದರು. ಮುಟ್ಟಿದರೆ ಪುಡಿಯಾಗುವ ಹಳೆಯ ಕಾಗದಕ್ಕೆ ಅದನ್ನು ಸವರಿದರೆ ಕಾಗದದೊಳಗಿನ ಹುಳಿ ಸತ್ತು, ಎಳೆಗಳು ಮತ್ತೆ ಗಟ್ಟಿಯಾಗುತ್ತಿದ್ದವು. ಈಗ ಊರೂರಿನ ಜಮೀನು ದಾಖಲೆಗಳು ಪುಡಿಯಾಗತೊಡಗಿದ್ದರಿಂದ ಒಂದು ಕಂಪನಿಗೆ ಈ ಅಂಟು ಬೇಕಾಗಿತ್ತು. ಆದರೆ ಪೇಟೆಂಟ್ ಇದ್ದರೆ ಮಾತ್ರ. ಅಷ್ಟೇ ಅಲ್ಲ, ಪೇಟೆಂಟ್ ಹಕ್ಕು ತಾರದ ಪ್ರಯೋಗಶಾಲೆಗಳನ್ನು ತಿಂಗಳ ಕೊನೆಗೆ ಮುಚ್ಚಬೇಕೆಂದು ವಿಶ್ವವಿದ್ಯಾಲಯ ಠರಾವು ಮಾಡಿತ್ತು. ಇಂದುಮತಿಯವರ ಪ್ರಯೋಗಶಾಲೆ ಆ ಪಟ್ಟಿಯಲ್ಲಿ ಮೊದಲನೆಯದು.

“ನೀವೇನು ಕಾಳಜಿ ಮಾಡಬ್ಯಾಡ್ರಿ ಮೇಡಂ,” ಎಂದರು ಹಕ್ಕು ವಿಭಾಗದ ಅಧಿಕಾರಿ ವೀರಭದ್ರ ಸೂಡಿ, ಆ ಅಂಟಿನ ಬಗ್ಗೆ ಅವರು ಬರೆದ ಮಹಾಪ್ರಬಂಧವನ್ನು ಯಂತ್ರದೊಳಗಿಡುತ್ತಾ. “ಕನ್ನಡದಾಗ ಬರದೀರಿ. ರಸಾಯನಶಾಸ್ತ್ರಾನ ಕನ್ನಡದಾಗ ಯಾರ ಓದ್ತಾರ್ರಿ?”

“ಆವಾಗ ಎಲ್ಲಾರೂ ಇದನ್ನ ಹೇಳಿ ನಕ್ಕಿದ್ರು,” ಎಂದರು ಇಂದುಮತಿ. “ನಾನೂ ಹಟಮಾರಿ. ಓದಬೇಕಾದವರಿಗೆ ತಿಳೀಲಿ ಅಂತ ಬರದೆ. ಓದಬೇಕಾದವರು ಯಾರಂತ ನನಗೂ ಗೊತ್ತಿರಲಿಲ್ಲ ಬಿಡ್ರಿ.”

ಯಂತ್ರ ಪುಟ ಎತ್ತಿತು. ಕೃತಜ್ಞತೆಯ ಪುಟದಲ್ಲಿ ಒಂದು ದಪ್ಪ ಹೆಬ್ಬೆರಳಿನ ಗುರುತು ಮೂಡಿತು. ಅದು ಅವರ ಮಾರ್ಗದರ್ಶಕರದು. ತಮ್ಮ ಹೆಸರು ಎಲ್ಲಿದೆಯೆಂದು ನೋಡಿಕೊಂಡು ಅವರು ಅಲ್ಲಿಗೇ ನಿಲ್ಲಿಸಿದ್ದರು. ಪರೀಕ್ಷಕರು ಹತ್ತು ಪುಟದವರೆಗೆ ನಡೆದು, ಅಲ್ಲಿಂದ ನೇರವಾಗಿ ಉಪಸಂಹಾರಕ್ಕೆ ಹಾರಿರಬೇಕು. ಇಂದುಮತಿಯವರಿಗೆ ನಗು ಬಂತು, ಒಳಗೆಲ್ಲೋ ಚುರುಕ್ಕೆಂದಿತು ಕೂಡ. ಮೂವತ್ತು, ಐವತ್ತು, ತೊಂಬತ್ತನೆಯ ಪುಟ, ಎಲ್ಲವೂ ಸ್ವಚ್ಛ. ಸೂಡಿಯವರು ಪ್ರಮಾಣಪತ್ರ ಹೊರಗೆ ತೆಗೆದು ಪೆನ್ನಿನ ಟೋಪಿ ಬಿಚ್ಚಿದರು.

ನೂರಾ ಹನ್ನೆರಡನೆಯ ಪುಟದಲ್ಲಿ ಪರದೆ ಪೂರ್ತಿ ಹಳದಿಯಾಯಿತು.

ಇಬ್ಬರೂ ಯಂತ್ರ ಕೆಟ್ಟಿತೆಂದುಕೊಂಡರು. ಅದು ಕೆಟ್ಟಿರಲಿಲ್ಲ. ಅಂಟು ತಯಾರಿಸುವ ಕ್ರಮವಿದ್ದ ಹದಿನೆಂಟು ಪುಟಗಳೂ ಹಾಗೆಯೇ ಹೊಳೆದವು. ವರದಿ ಬಂತು: ಓದುಗರು ಒಬ್ಬರು. ಕಳೆದ ಇಪ್ಪತ್ತು ವರ್ಷಗಳಲ್ಲಿ ನಾನೂರ ಹನ್ನೆರಡು ಸಲ. ಬೆರಳಿನಲ್ಲಿ ಹುಣಸೆ ಬೀಜದ ಪಿಷ್ಟ.

“ಇದ್ಯಾರ್ರಿ ಇದು?” ಸೂಡಿಯವರ ದನಿ ಏರಿತು. “ನಿಮ್ಮ ಅಂಟನ್ನ ಮಾಡಿಕೋತ, ಅದ ಕೈಲೆ ನಿಮ್ಮ ಪುಟ ತಿರುವ್ಯಾರ!”

ಇಂದುಮತಿಯವರು ಪ್ರಬಂಧವನ್ನು ಹೊರಗೆ ತೆಗೆದು ಅದರ ಬೆನ್ನು ಸವರಿ ನೋಡಿದರು. ತಾವು ಹಾಕಿಸಿದ ಅಗ್ಗದ ನೀಲಿ ರಟ್ಟು ಅದಾಗಿರಲಿಲ್ಲ. ಯಾರೋ ಬಿಚ್ಚಿ, ಹೊಸದಾಗಿ ಹೊಲಿದು, ಕೆಂಪು ಬಟ್ಟೆ ಹಾಕಿದ್ದರು.

ಇಬ್ಬರೂ ಇಳಿದು ಹೋದಾಗ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಬೈಂಡರ್ ಇಮಾಮಸಾಬರು ಕೂತಿದ್ದರು. ಇಪ್ಪತ್ತೆರಡು ವರ್ಷದಿಂದ ಅಲ್ಲೇ ಕೂತವರು. ಪಕ್ಕದ ಒಲೆಯ ಮೇಲೆ ಪಾತ್ರೆಯೊಂದರಲ್ಲಿ ಏನೋ ಕುದಿಯುತ್ತಿತ್ತು. ಆ ವಾಸನೆ ಇಂದುಮತಿಯವರಿಗೆ ತಮ್ಮ ಪ್ರಯೋಗಶಾಲೆಯಷ್ಟೇ ಪರಿಚಿತ. ಅವರ ಕೈಯಲ್ಲಿದ್ದ ಪುಸ್ತಕ ಕಂಡು ಇಮಾಮಸಾಬರು ಲಗುಬಗೆಯಿಂದ ಎದ್ದರು.

“ಇದನ್ನ ನೀವು ಓದೀರೇನು?” ಎಂದು ಕೇಳಿದರು ಇಂದುಮತಿ.

“ತಪ್ಪಾತೇನ್ರಿ ಬಾಯಾರ? ರಟ್ಟು ಕಿತ್ತು ನಡುವಿನ ಒಂದ ಕಟ್ಟಿನ ಹಾಳಿ ಚೆಲ್ಲಾಪಿಲ್ಲಿ ಆಗಿ ಬಂದಿತ್ರಿ. ಒಂದ ಪುಟದ ಕಡೀ ಸಾಲು, ಮುಂದಿನ ಪುಟದ ಮೊದಲ ಸಾಲು ಓದಿ ಜೋಡಸೂದು ನಮ್ಮ ಪದ್ಧತಿ. ಹಂಗ ಜೋಡಸ್ಕೋತ ಹೊಂಟಾಗ ಅಂಟಿನ ಮಾತು ಬಂತು. ಅಂಟು ಅಂದಮ್ಯಾಲೆ ಬೈಂಡರ್ ಸುಮ್ಮನ ಕುಂದರತಾನೇನ್ರಿ? ಆ ಭಾಗ ಪೂರ್ತಿ ಓದಿದೆ.”

“ನಾನೂರ ಸಲಾ?”

“ಮೊದಮೊದಲು ತಿಳೀತಿರಲಿಲ್ಲರಿ. ಆಮ್ಯಾಲೆ ಒಂದ ಕಡೆ ನೀವ ತಪ್ಪೀರಿ ಅನಸ್ತು.” ಅವರು ಹೆದರುತ್ತಲೇ ನೂರಾ ಇಪ್ಪತ್ತನೆಯ ಪುಟ ತೆರೆದರು. ಅಂಚಿನಲ್ಲಿ ಪೆನ್ಸಿಲ್ಲಿನ ಸಣ್ಣ ಬರಹವಿತ್ತು: ‘ಬಿಸಿ ಇದ್ದಾಗ ಹಚ್ಚಬಾರದು. ಮೂರು ದಿನ ಇಡಬೇಕು.’ “ಬಿಸಿ ಹಚ್ಚಿದ್ರ ಕಾಗದ ಮುದುಡತೈತ್ರಿ. ಮೂರ ದಿನ ಇಟ್ಟು ಮ್ಯಾಲಿನ ತಿಳಿ ಬಸದ ಹಚ್ಚಿದ್ರ ಮುದಡೂದಿಲ್ಲ.”

ಇಂದುಮತಿಯವರು ಸ್ಟೂಲಿನ ಮೇಲೆ ಕೂತುಬಿಟ್ಟರು. ಕಾಗದ ಯಾಕೆ ಮುದುಡುತ್ತದೆಂಬುದು ಇಪ್ಪತ್ತೆಂಟು ವರ್ಷದಿಂದ ಅವರಿಗೆ ಬಗೆಹರಿಯದ ಸಮಸ್ಯೆಯಾಗಿತ್ತು. ಅವರು ಸುತ್ತಲಿನ ಕಪಾಟುಗಳನ್ನು ನೋಡಿದರು. ಇಮಾಮಸಾಬರು ರಿಪೇರಿ ಮಾಡಿದ ಸಾವಿರಾರು ಪುಸ್ತಕಗಳು ನೆಟ್ಟಗೆ ನಿಂತಿದ್ದವು. ಎಲ್ಲದರೊಳಗೂ ಇಂದುಮತಿಯವರದೇ ಅಂಟಿತ್ತು.

ಸೂಡಿಯವರ ತಲೆ ಅಷ್ಟರಲ್ಲಿ ಬೇರೆಡೆ ಓಡುತ್ತಿತ್ತು. “ಮೇಡಂ, ದಾರಿ ಐತ್ರಿ. ಕಾಯ್ದೆದಾಗ ಬೈಂಡರ್ ಮುಟ್ಟಿದ್ದನ್ನ ಓದು ಅಂತ ಹಿಡಿಯೂದಿಲ್ಲ. ಧೂಳ ಒರಸವ್ರು, ರಟ್ಟ ಹಾಕವ್ರು, ಇವರೆಲ್ಲಾ ಮುಟ್ಟಿದವರು, ಓದಿದವರಲ್ಲ. ಇವ್ರು ‘ನಾ ಓದಿಲ್ಲ’ ಅಂತ ಒಂದ ಸಹಿ ಹಾಕಿದ್ರ ಮುಗೀತು. ಪೇಟೆಂಟ್ ನಿಮ್ಮದು, ಪ್ರಯೋಗಶಾಲೆ ನಿಮ್ಮದು. ಆ ಪೆನ್ಸಿಲ್ ಬರಹ ಅಳಿಸಿದ್ರಾತು.”

ಇಮಾಮಸಾಬರು ಹಿಂದೆಮುಂದೆ ನೋಡಲಿಲ್ಲ. ಕೈ ಒರೆಸಿಕೊಂಡು ಪೆನ್ನಿಗೆ ಕೈ ಚಾಚಿದರು. “ಕೊಡ್ರಿ, ಹಾಕ್ತೀನಿ. ನನ್ನಂಥಾಂವ ಇಂಥಾ ಪುಸ್ತಕ ಓದ್ಯಾನಂದ್ರ ಹೆಂಗೂ ಯಾರೂ ನಂಬೂದಿಲ್ಲ. ಬಾಯಾರಿಗೆ ಒಳ್ಳೇದಾದ್ರ ಸಾಕ್ರಿ.”

ಸಹಿ ಹಾಕಬೇಕಾದ ಕಾಗದ ಮೇಜಿನ ಮೇಲೆ ಬಂತು. ಇಂದುಮತಿಯವರಿಗೆ ಪ್ರಯೋಗಶಾಲೆ ಬೇಕಾಗಿತ್ತು. ಸುಳ್ಳು ಹೇಳಿ ಫಲವಿಲ್ಲ, ತುಂಬಾ ಬೇಕಾಗಿತ್ತು. ಅಲ್ಲಿಯ ಕಿಟಕಿ, ಕಲೆ ಬಿದ್ದ ಕಲ್ಲಿನ ಮೇಜು, ತಾವೇ ಜೋಡಿಸಿದ ತಕ್ಕಡಿ, ಎಲ್ಲ ಕಣ್ಣ ಮುಂದೆ ಬಂದವು. ಇಮಾಮಸಾಬರ ಪೆನ್ನು ಕಾಗದಕ್ಕೆ ತಾಗುವಷ್ಟರಲ್ಲಿ ಅವರು ಆ ಕಾಗದವನ್ನು ಎಳೆದುಕೊಂಡರು.

“ಬ್ಯಾಡ್ರಿ.”

“ಮೇಡಂ, ವಿಚಾರ ಮಾಡ್ರಿ,” ಎಂದರು ಸೂಡಿ.

“ನನ್ನ ಪುಸ್ತಕಕ್ಕ ಇರೋವ್ರು ಒಬ್ಬರೇ ಓದುಗರು. ಅವರ ಕೈಲೆ ‘ಓದಿಲ್ಲ’ ಅಂತ ಬರಸೂದೇನ್ರಿ ಸೂಡಿಯವರ? ಅದೂ ತಪ್ಪು ತಿದ್ದಿದವರ ಕೈಲೆ?”

ಅವರೇ ಪೆನ್ನು ತೆಗೆದುಕೊಂಡು ಸೂಡಿಯವರ ಕೈಯಲ್ಲಿದ್ದ ಪೇಟೆಂಟ್ ಅರ್ಜಿಯ ಕೊನೆಯ ಪ್ರಶ್ನೆಗೆ ಉತ್ತರ ಬರೆದರು. ‘ಈ ಕೃತಿಯನ್ನು ಯಾರಾದರೂ ಓದಿದ್ದಾರೆಯೇ?’ ಎಂಬುದರ ಮುಂದೆ ‘ಹೌದು’ ಎಂದು ಬರೆದು, ಇಮಾಮಸಾಬರ ಪೂರ್ತಿ ಹೆಸರು ಕೇಳಿ ಅದನ್ನೂ ಸೇರಿಸಿದರು. ಆ ವಿಭಾಗದ ಇತಿಹಾಸದಲ್ಲೇ ಹಾಗೆ ಬರೆದ ಮೊದಲ ಅರ್ಜಿ ಅದು. ಸೂಡಿಯವರು ನಿಟ್ಟುಸಿರು ಬಿಟ್ಟು ಅರ್ಜಿ ಹಿಡಿದು ಮೆಟ್ಟಿಲು ಹತ್ತಿದರು.

ಠರಾವಿನ ಪ್ರಕಾರ ತಿಂಗಳ ಕೊನೆಗೆ ಪ್ರಯೋಗಶಾಲೆ ಮುಚ್ಚಿತು. ಕಲ್ಲಿನ ಮೇಜನ್ನು ಹೊರಲಾಗಲಿಲ್ಲ. ತಕ್ಕಡಿ ಮತ್ತು ಗಾಜಿನ ಪಾತ್ರೆಗಳು ನೆಲಮಾಳಿಗೆಗೆ ಇಳಿದವು. ತಾಲೂಕು ಕಚೇರಿಗಳ ದಾಖಲೆ ಕೋಣೆಯವರು ಅಂಟು ಕಾಯಿಸುವುದನ್ನು ಕಲಿಯಲು ಅಲ್ಲಿಗೇ ಬರತೊಡಗಿದರು. ಯಾರ ಹಕ್ಕೂ ಇಲ್ಲದ ಅಂಟಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಸೂಡಿಯವರಿಗೆ ಕಾಯ್ದೆ ಮಾಡಿದವರ ಮೇಲೆ ಕೋಪವಿತ್ತು, ಯಂತ್ರದ ಮೇಲೂ ಇತ್ತು. ಇಂದುಮತಿಯವರಿಗೆ ಮಾತ್ರ ಯಾರ ಮೇಲೂ ಇರಲಿಲ್ಲ.

ಆದರೆ ಅದೆಲ್ಲ ಆಮೇಲಿನ ಮಾತು. ಆ ಮಧ್ಯಾಹ್ನ ಸೂಡಿಯವರ ಹೆಜ್ಜೆ ಸದ್ದು ಮೇಲೆ ಮರೆಯಾದ ಮೇಲೂ ಇಮಾಮಸಾಬರು ನಿಂತೇ ಇದ್ದರು. ಏನೋ ಹೇಳಬೇಕೆಂದು ಬಾಯಿ ತೆರೆದು, ಮುಚ್ಚಿ, ಮತ್ತೆ ತೆರೆದರು.

“ಬಾಯಾರ, ನೂರಾ ಹದಿನೇಳನೇ ಪುಟದಾಗ ಒಂದ ಕೇಳೂದಿತ್ರಿ. ಭಾಳ ವರ್ಷದಿಂದ ಕೇಳಬೇಕಂತಿದ್ದೆ. ಮ್ಯಾಲ ಹತ್ತಿ ಬರಾಕ ಧೈರ್ಯ ಆಗಲಿಲ್ಲ.”

ಇಂದುಮತಿಯವರು ಸ್ಟೂಲನ್ನು ಅವರ ಪಕ್ಕಕ್ಕೆ ಎಳೆದುಕೊಂಡು ಕನ್ನಡಕ ಹಾಕಿಕೊಂಡರು. “ತೆಗೀರಿ ಪುಟಾ,” ಎಂದರು.