ಮೊದಲ ಭಾನುವಾರದ ಕೌದಿ

ಸುಳ್ಳು ಹೇಳುವಾಗ ಪ್ರಣತಿಗೆ ಅದು ಸುಳ್ಳು ಅಂತ ಅನ್ನಿಸಲೇ ಇಲ್ಲ.

"ನಾಮಕರಣ ಯಾವತ್ತು?" ಎಂದು ಅನೂಪ್ ಕೇಳಿದ.

"ಏಪ್ರಿಲ್ ಮೊದಲ್ನೇ ಭಾನುವಾರ," ಎಂದು ಥಟ್ಟನೆ ಹೇಳಿದಳು. ನಾಮಕರಣ ಇದ್ದದ್ದು ಕೊನೆಯ ಭಾನುವಾರ.

ಬೇಕಾದ ದಿನಕ್ಕಿಂತ ಮುಂಚಿನ ದಿನ ಹೇಳುವುದು ಅವಳಿಗೆ ರಕ್ತಗತ. ಬೆಂಗಳೂರಿನ ಐಟಿ ಕಂಪನಿಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ಆಗಿ ಪಳಗಿದವಳು, ಜಪಾನಿನ ಕೋಬೆಗೆ ಬಂದು ಎರಡು ವರ್ಷವಾದರೂ ಚಾಳಿ ಬಿಟ್ಟಿರಲಿಲ್ಲ. ಬೆಂಗಳೂರಿನಲ್ಲಿ ಎಲ್ಲರೂ ಹಾಗೆಯೇ. ತಿಂಗಳ ಕೊನೆಗೆ ಬೇಕಾದದ್ದನ್ನು ಮೊದಲ ವಾರಕ್ಕೇ ಬೇಕು ಅನ್ನಬೇಕು. ಮಾಡಿಕೊಡುವವನೂ ಅದನ್ನು ಬಲ್ಲ, ಹೂಂ ಅಂದು ತಿಂಗಳ ಕೊನೆಗೇ ಕೊಡುತ್ತಾನೆ. ಬ್ಲೌಸ್ ಹೊಲಿಯುವ ಟೈಲರ್ ಹತ್ತಿರವೂ ಇದೇ ವ್ಯವಹಾರ. ಇಬ್ಬರೂ ಸುಳ್ಳು ಹೇಳಿ ಕೊನೆಗೆ ಸರಿಯಾದ ದಿನಕ್ಕೆ ಬಂದು ಮುಟ್ಟುತ್ತಾರೆ. ಇಲ್ಲಿ ಸುಳ್ಳು ಹೇಳಿದ್ದು ತಾನೊಬ್ಬಳೇ ಎಂಬುದು ಅವಳಿಗೆ ಹೊಳೆಯಲಿಲ್ಲ.

ಅನೂಪ್ ಕೋಬೆಯಲ್ಲೇ ಹುಟ್ಟಿ ಬೆಳೆದ ಹುಡುಗ. ಅಪ್ಪ ಹಡಗಿನ ಇಂಜಿನಿಯರ್ ಆಗಿ ಬಂದು ಇಲ್ಲೇ ಉಳಿದ ಕನ್ನಡಿಗರು, ಮನೆಮಾತು ಕನ್ನಡವೇ. ಬೆಟ್ಟದ ಕಡೆಗೆ ಏರುವ ರಸ್ತೆಯಲ್ಲಿ ಅವನ ಪುಟ್ಟ ವರ್ಕ್‌ಶಾಪು. ಅದರ ತುಂಬ ಒಂದೇ ಯಂತ್ರ, ಕೌದಿ ಹೊಲಿಯುವ ಉದ್ದ ಕತ್ತಿನ ಲಾಂಗ್‌ಆರ್ಮ್. ಊರಿನ ಅಜ್ಜಿಯರು ತುಂಡು ತುಂಡು ಬಟ್ಟೆ ಜೋಡಿಸಿ ಮೇಲ್ಪದರ ಮಾಡಿ ತರುತ್ತಾರೆ. ಅದು, ನಡುವಿನ ಹತ್ತಿ, ಅಡಿಯ ಬಟ್ಟೆ, ಮೂರನ್ನೂ ಚೌಕಟ್ಟಿಗೆ ಬಿಗಿದು ಇವನು ಸೇರಿಸಿ ಹೊಲಿದುಕೊಡುತ್ತಾನೆ. ಪ್ರಣತಿಯೂ ಹಾಗೆಯೇ ಒಂದು ಮೇಲ್ಪದರ ತಂದಿದ್ದಳು. ಮೈಸೂರಿನ ಹಾಸ್ಟೆಲ್ ಗೆಳತಿಯರೆಲ್ಲ ಕಳಿಸಿದ ಹಳೇ ಕುರ್ತಾಗಳ ತುಂಡುಗಳು. ಅದೇ ಗುಂಪಿನ, ಈಗ ಟೋಕಿಯೋ ಪಕ್ಕದ ವಾಕೋದಲ್ಲಿ ಸಂಶೋಧಕಿಯಾಗಿದ್ದ ಕಾತ್ಯಾಯಿನಿಗೆ ಹೆಣ್ಣುಮಗು ಹುಟ್ಟಿತ್ತು, ಅದಕ್ಕೆ ಕೌದಿ.

"ಅದೇ ಕೊನೇ ತಾರೀಖಾ?" ಎಂದು ಅನೂಪ್ ಮತ್ತೆ ಕೇಳಿದ. "ಇಲ್ಲಿ ಸರದಿ ಇದೆ. ಒಬ್ರನ್ನ ಮುಂದೆ ಹಾಕಿದ್ರೆ ಇನ್ನೊಬ್ರು ಹಿಂದೆ ಹೋಗ್ತಾರೆ."

"ಅದೇ," ಅಂದಳು.

ಅವನು ಹಲ್ಲಿನ ಸಂದಿಯಿಂದ ಉಸಿರೆಳೆದುಕೊಂಡ. ಜಪಾನಿನಲ್ಲಿ ಹಾಗೆ ಮಾಡಿದರೆ 'ಆಗುವುದಿಲ್ಲ' ಎಂದರ್ಥ. ಪ್ರಣತಿಯ ಮುಖ ಬಾಡಿದ್ದು ನೋಡಿ ಏನನ್ನಿಸಿತೋ, ಫೋನ್ ಹಿಡಿದು ಹೊರಗೆ ಹೋದ. ಗಾಜಿನಾಚೆ ಅವನು ಕಾಣದ ಯಾರಿಗೋ ಸೊಂಟ ಬಗ್ಗಿಸಿ ನಮಸ್ಕರಿಸುತ್ತಿದ್ದುದನ್ನು ಕಂಡು ಅವಳಿಗೆ ನಗು ಬಂತು.

"ಆಯ್ತು, ಪ್ರಣತಿ-ಸಾನ್," ಎಂದು ಹೆಸರಿಗೆ ಜಪಾನಿಯ ಗೌರವದ 'ಸಾನ್' ಹಚ್ಚಿ ಹೇಳುತ್ತ ಒಳಗೆ ಬಂದ. "ಮಾತು ಕೊಟ್ಟೆ."

ಆ ಕಣ್ಣುಗಳಲ್ಲಿ ಲವಲೇಶವೂ ಲೆಕ್ಕಾಚಾರವಿರಲಿಲ್ಲ. ಅವಳ ಎದೆಯಲ್ಲಿ ಮೊದಲ ಬಾರಿಗೆ ಏನೋ ಚುಚ್ಚಿತು.

*

ಆಮೇಲಿನ ಶನಿವಾರ, ಭಾನುವಾರಗಳೆಲ್ಲ ವರ್ಕ್‌ಶಾಪಿನಲ್ಲೇ ಕಳೆದವು. ದಾರದ ಬಣ್ಣ ಆರಿಸಲು ಒಂದು ದಿನ ಸಾಕಿತ್ತು, ಅವಳು ಮೂರು ಸಲ ಹೋದಳು. ಮೂಲೆಯ ಕೊಂಬಿನಿ ಅಂಗಡಿಯಿಂದ ಎರಡು ಕಾಫಿ, ಒಂದು ಮೊಟ್ಟೆ ಸ್ಯಾಂಡ್‌ವಿಚ್ ತಪ್ಪದೆ ಜೊತೆಗಿರುತ್ತಿದ್ದವು. ಸ್ಯಾಂಡ್‌ವಿಚ್ ತನಗೆ ಅನ್ನುತ್ತಿದ್ದಳು, ತಿನ್ನುತ್ತಿದ್ದದ್ದು ಅವನು.

"ಒಂದ್ಸಲ ನಾನು ಓಡಿಸ್ಲಾ?" ಎಂದು ಕೇಳಿದಳು ಒಂದು ದಿನ.

ಅವನು ಯಂತ್ರದ ಹಿಡಿಗಳನ್ನು ಬಿಟ್ಟುಕೊಟ್ಟ. ಅವಳ ಗೆರೆ ಹಾವು ಹರಿದಂತೆ ಹರಿಯಿತು.

"ಉಸಿರು ಬಿಡಿ. ನೀವು ಉಸಿರು ಹಿಡ್ಕೊಂಡ್ರೆ ಮಷೀನೂ ಹಿಡ್ಕೊಳುತ್ತೆ."

"ನೀವು ಇಷ್ಟು ಹತ್ರ ನಿಂತ್ರೆ ಉಸಿರು ಎಲ್ಲಿಂದ ಬರುತ್ತೆ?"

ಅವನು ಕಿವಿಯ ತುದಿಯವರೆಗೂ ಕೆಂಪಾಗಿ ಎರಡು ಹೆಜ್ಜೆ ಹಿಂದೆ ಸರಿದ. "ಸುಮಿಮಾಸೆನ್, ಕ್ಷಮಿಸಿ."

"ದೂರ ಹೋಗಿ ಅಂತ ನಾನಂದ್ನಾ?"

ದಾರ ನೋಡುವ ನೆಪದಲ್ಲಿ ಅವನು ಬೆನ್ನು ತಿರುಗಿಸಿದ. ಬೆನ್ನು ನಗುತ್ತಿದ್ದುದು ಅವಳಿಗೆ ಕಾಣುತ್ತಿತ್ತು.

ಇಂಥ ಹೊತ್ತಿನಲ್ಲೇ ಅಪರಾಧಿ ಭಾವ ಬಂದು ಪಕ್ಕದಲ್ಲಿ ಕೂರುತ್ತಿತ್ತು. ಅವನ ಕಣ್ಣ ಕೆಳಗೆ ಕಪ್ಪು. ಊಟ ಬಿಟ್ಟು ಹೊಲಿಯುತ್ತಿದ್ದಾನೆ, ಇಲ್ಲದ ಗಡುವಿಗಾಗಿ. ಹೇಳಿಬಿಡಲೇ ಎಂದು ಬಾಯಿ ತೆರೆಯುವಳು. "ಮೊದಲ್ನೇ ಭಾನುವಾರಕ್ಕೆ ಪಕ್ಕಾ ಆಗುತ್ತೆ, ಚಿಂತೆ ಮಾಡ್ಬೇಡಿ," ಎಂದು ಅವನೇ ಸಮಾಧಾನ ಮಾಡುವನು. ಅವಳ ಬಾಯಿ ಮುಚ್ಚಿಹೋಗುವುದು. ಹೇಳಿದರೆ ಆ ನೋಟ ಬದಲಾಗಿಬಿಟ್ಟರೆ? ನಿಜ ಹೇಳಬೇಕೆಂದರೆ, ಅವಳಿಗೆ ಈಗ ಕೌದಿಗಿಂತ ಆ ನೋಟವೇ ಹೆಚ್ಚು ಬೇಕಾಗಿತ್ತು. ಅದಕ್ಕೇ ನಾಳೆ ಹೇಳಿದರಾಯಿತು ಎಂದು ತಳ್ಳುತ್ತ ಬಂದಳು.

*

ಕೌದಿ ಅರ್ಧದಷ್ಟು ಮುಗಿದಿದ್ದ ಭಾನುವಾರ ಬಾಗಿಲ ಬಳಿ ಕೈಗಾಡಿ ಎಳೆದುಕೊಂಡು ಒಬ್ಬ ಪುಟ್ಟ ಅಜ್ಜಿ ಬಂದರು. ಅನೂಪ್ ದಾರ ತರಲು ಹೊರಗೆ ಹೋಗಿದ್ದ. ಅಜ್ಜಿಯ ಹೆಸರು ಹಮಾದಾ. ಪ್ರಣತಿಯನ್ನು ಕಂಡು, "ಮಗುವಿನವರು ನೀವೇನಾ?" ಎಂದು ಜಪಾನಿ ಭಾಷೆಯಲ್ಲಿ ಕೇಳಿ, ಒಂದು ಪೊಟ್ಟಣ ಚಾಚಿದರು. ಒಳಗೆ ಮಗುವಿನ ಕುತ್ತಿಗೆಗೆ ಕಟ್ಟುವ ಜೊಲ್ಲುಬಟ್ಟೆ, ಮೇಲೆ ಕಸೂತಿಯ ಬಿಳಿ ಮೊಲ.

"ನನಗೆ ಯಾಕೆ ಇದೆಲ್ಲ?" ಎಂದು ಪ್ರಣತಿ ಸಂಕೋಚದಿಂದ ಕೇಳಿದಳು.

"ಅನೂಪ್-ಸಾನ್ ಅವತ್ತು ಫೋನ್ ಮಾಡಿದ್ದರಲ್ಲ, ನಿಮ್ಮ ಸರದಿ ಬಿಟ್ಟುಕೊಡುತ್ತೀರಾ ಅಂತ. ಹೆಸರಿಡುವ ದಿನ ಮುಂದೆ ಹಾಕಲಾಗದು. ನಮ್ಮ ಪ್ರದರ್ಶನ ಮುಂದಿನ ವರ್ಷವೂ ಬರುತ್ತದೆ. ನಾನಿರುತ್ತೇನೋ ಇಲ್ಲವೋ, ಅದು ಬರುತ್ತದೆ," ಎಂದು ಅಜ್ಜಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಅವರು ಬಿಟ್ಟುಕೊಟ್ಟಿದ್ದು ಗಂಡನ ಹಳೆಯ ಷರ್ಟುಗಳಿಂದ ತಾವೇ ಜೋಡಿಸಿದ್ದ ಕೌದಿಯ ಸರದಿ. ಅವರಿರುವ ಪ್ರದೇಶದ ಸಭಾಂಗಣದಲ್ಲಿ ವರ್ಷಕ್ಕೊಮ್ಮೆ ನಡೆಯುವ ಪ್ರದರ್ಶನಕ್ಕೆ ಅದನ್ನು ಮುಂದಿನ ಶನಿವಾರದೊಳಗೆ ಒಪ್ಪಿಸಬೇಕಿತ್ತು.

ಪ್ರಣತಿಯ ಕೈಯಲ್ಲಿದ್ದ ಮೊಲ ಭಾರವಾಯಿತು. ಅಜ್ಜಿ ಹೋದ ಮೇಲೂ ಅವಳು ನಿಂತೇ ಇದ್ದಳು. ಛೀ ಎಂದುಕೊಂಡಳು ತನಗೆ ತಾನೇ.

ಅನೂಪ್ ಒಳಗೆ ಕಾಲಿಡುತ್ತಲೇ ಹೇಳಿಬಿಟ್ಟಳು. "ನಾಮಕರಣ ಮುಂದಿನ ಭಾನುವಾರ ಅಲ್ಲ. ಏಪ್ರಿಲ್ ಕೊನೇ ಭಾನುವಾರ. ನಾನು ಸುಳ್ಳು ಹೇಳ್ದೆ."

"ಯಾಕೆ?"

"ಸೇಫ್ ಆಗಿರ್ಲಿ ಅಂತ. ಊರಲ್ಲಿ ಎಲ್ರೂ ಹಂಗೇ... ಇಲ್ಲ, ಅದನ್ನ ಹೇಳ್ಬಾರ್ದು. ನಾನು ಹೇಳ್ದೆ, ಅಷ್ಟೇ. ಆಮೇಲೆ ನಿಮ್ಗೆ ಹೇಳಕ್ಕೆ ಹೆದರ್ಕೊಂಡೆ."

ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು. ದಾರದ ಚೀಲವನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಹೇಳಿದ. "ಹಂಗಾದ್ರೆ ಹಮಾದಾ-ಸಾನ್‌ಗೆ ನಾನು ಸುಳ್ಳು ಹೇಳ್ದಂಗಾಯ್ತು."

ಅವಳಿಗೆ ಅಳು ಒತ್ತಿ ಬಂತು. ಅಳುವ ಹಕ್ಕೂ ತನಗಿಲ್ಲ ಎಂದು ನುಂಗಿಕೊಂಡಳು.

"ಕೊನೇ ಭಾನುವಾರ ಅಂದಿದ್ರೆ ಆರಾಮಾಗಿ ಆಗ್ತಿತ್ತು," ಎಂದ ಅವನು. "ಆ ವಾರ ಖಾಲಿ ಇತ್ತು. ಈಗ ಬೇರೆಯವ್ರಿಗೆ ಕೊಟ್ಬಿಟ್ಟಿದೀನಿ."

"ನನ್ನದನ್ನ ತೆಗೀರಿ. ಅವ್ರದ್ದು ಹಾಕಿ. ಇವತ್ತೇ."

"ತೆಗೆದ್ರೆ ನಿಮ್ದು ಮತ್ತೆ ಮೇ ಕೊನೆಗೇ. ಇನ್ನೊಬ್ರ ಸರದಿ ನಾನು ಕೇಳಲ್ಲ."

"ಕೇಳ್ಬೇಡಿ," ಎಂದು ಚಪ್ಪಲಿ ಮೆಟ್ಟಿಕೊಂಡು ಓಡಿದಳು.

ಅಜ್ಜಿ ಇಳಿಜಾರಿನ ಕೆಳಗೆ, ಬಸ್ ಸ್ಟಾಪಿನಲ್ಲಿ ಸಿಕ್ಕರು. ಪ್ರಣತಿ ತನಗೆ ಬರುವ ಮುರುಕು ಜಪಾನಿಯಲ್ಲಿ ಎಲ್ಲ ಹೇಳಿ, ರಸ್ತೆಯಲ್ಲೇ ತಲೆ ಬಗ್ಗಿಸಿ ನಿಂತಳು. ಮೊಲದ ಪೊಟ್ಟಣವನ್ನೂ ವಾಪಸು ಚಾಚಿದಳು. ಹಮಾದಾ-ಸಾನ್ ಅದನ್ನು ತೆಗೆದುಕೊಳ್ಳಲಿಲ್ಲ. ಪರವಾಗಿಲ್ಲ ಎಂದೂ ಅನ್ನಲಿಲ್ಲ.

"ಮಗು ಇರುವುದು ನಿಜ ತಾನೇ?" ಎಂದು ಕೊನೆಗೆ ಕೇಳಿದರು.

"ನಿಜ."

"ಹಾಗಾದರೆ ಅದು ಮಗುವಿನದೇ, ಇಟ್ಟುಕೊಳ್ಳಿ. ಮನೆಗೆ ಬನ್ನಿ. ನನ್ನ ಅಡಿಬಟ್ಟೆ ಇಸ್ತ್ರಿ ಮಾಡಬೇಕು, ನನಗೆ ಸೊಂಟ ನೋವು."

ಅವಳು ಇಸ್ತ್ರಿ ಮಾಡಿದಳು, ಹೊತ್ತು ತಂದಳು. ಅಷ್ಟರಲ್ಲಿ ಅನೂಪ್ ಅವಳ ಕೌದಿಯ ಉಳಿದರ್ಧಕ್ಕೆ ಪದರ ಜರುಗದಂತೆ ತಾತ್ಕಾಲಿಕವಾಗಿ ಓಟದ ಹೊಲಿಗೆ ಹಾಕಿ, ಚೌಕಟ್ಟಿನಿಂದ ಬಿಚ್ಚಿ, ಮಡಿಚಿ ಇಟ್ಟಿದ್ದ. ಮಡಿಕೆಗಳು ಅಚ್ಚುಕಟ್ಟಾಗಿದ್ದವು. ಅದನ್ನು ಕೊಡುವಾಗ ಅವನು ಅವಳ ಮುಖ ನೋಡಲಿಲ್ಲ.

*

ಪ್ರದರ್ಶನದಲ್ಲಿ ಹಮಾದಾ-ಸಾನ್ ಅವರ ಕೌದಿ ಬಾಗಿಲ ಎದುರಿನ ಗೋಡೆಯಲ್ಲೇ ತೂಗುತ್ತಿತ್ತು. ಅದರ ಮುಂದೆ ಅನೂಪ್ ನಿಂತಿದ್ದ. ಪ್ರಣತಿ ತಿರುಗಿ ಹೋಗಬೇಕೆಂದುಕೊಂಡಳು, ಅವನು ನೋಡಿಬಿಟ್ಟ. ಅವನ ಕಣ್ಣು ಅವಳ ಬೆರಳುಗಳ ಮೇಲೆ ನಿಂತಿತು. ಎರಡಕ್ಕೆ ಬ್ಯಾಂಡೇಜ್ ಸುತ್ತಿತ್ತು.

"ಕೈಯಲ್ಲಿ ಹೊಲೀತಿದೀರಾ?"

"ಹೂಂ. ಟ್ರೈನಲ್ಲಿ, ಲಂಚ್ ಬ್ರೇಕಲ್ಲಿ. ಹೆಂಗೆಂಗೋ."

"ನಾಮಕರಣದ ಹೊತ್ತಿಗೆ ಮುಗಿಯುತ್ತಾ?"

ಮುಗಿಸಿಬಿಡ್ತೀನಿ ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ಅದೇ ಹಳೇ ಚಾಳಿ. ತಡೆದುಕೊಂಡಳು.

"ಇಲ್ಲ. ಮುಗಿಯಲ್ಲ."

ಅವನ ಮುಖದ ಬಿಗಿ ಸ್ವಲ್ಪ ಸಡಿಲಿತು. "ನಾನು ಬರ್ಲಾ ವಾಕೋಗೆ? ದಾರೀಲಿ ಸೇರಿ ಹೊಲಿಯಬೋದು."

"ನಿಮ್ಗೆ ನನ್ಮೇಲೆ ಕೋಪ ಇಲ್ವಾ?"

"ಇದೆ," ಎಂದ ಪ್ರಾಮಾಣಿಕವಾಗಿ. "ಸ್ಯಾಂಡ್‌ವಿಚ್ ತಿನ್ನಕ್ಕೂ ಬೇಜಾರಾಗೋವಷ್ಟಿದೆ. ಆದ್ರೂ ಶನಿವಾರ ಬಂದ್ರೆ ಬಾಗಿಲು ಕಡೇನೇ ನೋಡ್ತಿರ್ತೀನಿ. ಏನ್ಮಾಡ್ಲಿ?"

ಕೊನೆಯ ಭಾನುವಾರ ಬೆಳಗ್ಗೆ ಶಿಂಕಾನ್‌ಸೆನ್ ರೈಲಿನಲ್ಲಿ ಇಬ್ಬರ ಮಡಿಲ ಮೇಲೂ ಕೌದಿ ಹರಡಿತ್ತು. ಅವನು ಒಂದು ತುದಿಯಿಂದ, ಅವಳು ಇನ್ನೊಂದು ತುದಿಯಿಂದ. ಯಂತ್ರ ಹಿಡಿದರೆ ರಾಜನಾಗುವವನು ಕೈಸೂಜಿ ಹಿಡಿದು ಮತ್ತೆ ಮತ್ತೆ ಚುಚ್ಚಿಕೊಂಡ. ಅವಳು ನಕ್ಕಳು, ಆಮೇಲೆ ನಕ್ಕಿದ್ದಕ್ಕೂ ಮುಜುಗರಪಟ್ಟಳು. "ನಗಿ, ಪರ್ವಾಗಿಲ್ಲ," ಎಂದ ಅವನು ಸೂಜಿ ನೋಡುತ್ತ. ನಗೋಯಾ ದಾಟಿತು, ಟೋಕಿಯೋ ಬಂತು, ರೈಲು ಬದಲಾಯಿಸಿದರು. ಗೇಣು ಅಗಲದ ಒಂದು ಪಟ್ಟಿ ಉಳಿದೇಹೋಯಿತು.

ಬಾಗಿಲು ತೆರೆದವಳು ಕಾತ್ಯಾಯಿನಿ. ಹೆಗಲ ಮೇಲೆ ಮಗು, ಒಳಗೆ ಚಿತ್ರಾನ್ನದ ಒಗ್ಗರಣೆಯ ವಾಸನೆ, ನೆಂಟರಂತೆ ಸೇರಿದ್ದ ಸ್ನೇಹಿತರ ಗದ್ದಲ.

"ಕೌದಿ ಪೂರ್ತಿ ಆಗಿಲ್ಲ ಕಣೇ," ಎಂದು ಪ್ರಣತಿ ಮೊದಲೇ ಹೇಳಿದಳು. "ನನ್ನ ತಪ್ಪಿಂದಾನೇ ಆಗಿಲ್ಲ. ಆಮೇಲೆ ಎಲ್ಲಾ ಹೇಳ್ತೀನಿ."

"ಆಗ್ದಿದ್ರೆ ಏನೀಗ, ಇವ್ಳು ಇವತ್ತೇ ಅಳತೆ ಹಿಡೀತಾಳಾ? ತಾ ಇಲ್ಲಿ." ಕಾತ್ಯಾಯಿನಿಯ ಕಣ್ಣು ಹಿಂದೆ ನಿಂತಿದ್ದವನ ಮೇಲೆ ಬಿತ್ತು. ದನಿ ತಗ್ಗಿಸಿದಳು. "ಅದಿರ್ಲಿ, ಇವ್ರು ಯಾರೇ?"

ಫ್ರೆಂಡ್ ಅನ್ನಬಹುದಿತ್ತು. ಕೌದಿ ಹೊಲಿಯುವವರು ಅನ್ನಬಹುದಿತ್ತು, ಅದು ಸುಳ್ಳೂ ಅಲ್ಲ. ಪ್ರಣತಿ ಎರಡನ್ನೂ ಬಿಟ್ಟಳು.

"ನಾನು ಪ್ರೀತಿಸ್ತಿರೋರು," ಎಂದಳು. "ಅವ್ರಿಗೂ ಈಗ್ಲೇ ಗೊತ್ತಾಗಿದ್ದು. ಅವ್ರಿನ್ನೂ ಏನೂ ಹೇಳಿಲ್ಲ."

ಬಾಗಿಲಲ್ಲಿ ಬಗ್ಗಿ ಶೂ ಲೇಸು ಬಿಚ್ಚುತ್ತಿದ್ದ ಅನೂಪ್‌ನ ಕೈ ನಿಂತಿತು. ಕಿವಿಗಳು ಕೆಂಪಾದವು. ತಲೆಯೆತ್ತದೆಯೇ, ಪಕ್ಕದಲ್ಲಿದ್ದ ಅವಳ ಕೈಯನ್ನು ತಡಕಿ ಹಿಡಿದುಕೊಂಡ. ಬ್ಯಾಂಡೇಜಿನ ಬೆರಳುಗಳಿಗೆ ನೋವಾಗದಂತೆ ಹಿಡಿದುಕೊಂಡ.

"ಹೂಂ," ಎಂದ.