ನಾಲ್ಕನೇ ಮೂಲೆಯ ತುತ್ತು

ಬೇಡ ಎಂದದ್ದನ್ನು ಮಾಡದಿದ್ದರೆ ಹೃಷಿಕೇಶನಿಗೆ ಉಂಡ ಅನ್ನ ಅರಗುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲೇ ಹೆಂಡತಿ ಶ್ರೀರಕ್ಷಾಳಿಗೆ ಈ ಗುಣ ತಿಳಿದಿತ್ತು, ಅವಳ ಮೂಲಕ ತವರಿನವರಿಗೂ ತಿಳಿದಿತ್ತು. ಹಾಗಿದ್ದೂ ಎಳ್ಳಮಾವಾಸ್ಯೆಯ ಬೆಳಿಗ್ಗೆ ಅತ್ತೆ ನೀಲಾಂಬಿಕಾ ಹೊಲದ ಮನೆಯ ಕಟ್ಟೆಯ ಮೇಲೆ ನಿಂತು ಅಳಿಯನಿಗೆ ಒಂದು ಮಾತು ಹೇಳಿದಳು.

"ಅಳಿಯಂದ್ರ, ಹೊಲದಾಗ ಎಲ್ಲಿ ಬೇಕಾದ್ರ ಅಡ್ಡಾಡ್ರಿ. ಆ ಬಾರಿ ಗಿಡದ ಮೂಲಿಗೆ ಮಾತ್ರ ಹೋಗಬ್ಯಾಡ್ರಿ. ಹೋದ್ರೂ ಅಲ್ಲಿ ಒಂದು ಅಗಳು ಅನ್ನ ಇಡಬ್ಯಾಡ್ರಿ."

"ಯಾಕತ್ತೆ? ಅಲ್ಲಿರೋ ದೆವ್ವ ಉಪವಾಸ ಮಾಡ್ತಿದ್ಯಾ?" ಎಂದು ಅವನು ನಕ್ಕ. ಅತ್ತೆ ನಗಲಿಲ್ಲ. ಮಾವ ಉಮಾಪತಿ ಮುಖ ತಿರುಗಿಸಿ ರುಮಾಲು ಸುತ್ತಿಕೊಳ್ಳತೊಡಗಿದ.

ಉಮಾಪತಿ ಬೀದರ ಕಡೆಯವನು. ನಾಗಪುರದ ಮದ್ದುಗುಂಡಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದ ಮೇಲೆ ಕಳಮೇಶ್ವರದ ಆಚೆ ಈ ಹೊಲ ಕೊಂಡಿದ್ದ. ಒಂದು ಪಕ್ಕ ಕಿತ್ತಳೆ, ಉಳಿದದ್ದೆಲ್ಲ ಹತ್ತಿ ಮತ್ತು ತೊಗರಿ, ನಡುವೆ ತಗಡಿನ ಮನೆ. ರಜೆ ಸಿಕ್ಕಾಗ ಮನೆಮಂದಿಯೆಲ್ಲ ನಾಗಪುರದ ಲಕ್ಷ್ಮೀ ನಗರದ ಮನೆಗೆ ಬೀಗ ಹಾಕಿ ಇಲ್ಲಿಗೆ ಬರುತ್ತಿದ್ದರು. ಹೃಷಿಕೇಶ ಮೈಸೂರಿನವನು, ನಾಗಪುರದ ವಿಮಾನ ನಿಲ್ದಾಣದ ಪಕ್ಕದ ಮಿಹಾನ್‌ನಲ್ಲಿ ವಿಮಾನ ರಿಪೇರಿಯ ಎಂಜಿನಿಯರ್. ವಾರದ ರಜೆ ಹಾಕಿಸಿ ಅವನನ್ನು ಕರೆತಂದವಳು ಶ್ರೀರಕ್ಷಾ. ಅಣ್ಣ ನಂದೀಶನಿಗೆ ಹುಷಾರಿಲ್ಲ, ನಾಲ್ಕು ಜನ ಸೇರಿದರೆ ಅವನಿಗೂ ಸಮಾಧಾನ ಎಂದಿದ್ದಳು.

ನಂದೀಶ ಪಡಸಾಲೆಯ ಮಂಚದ ಮೇಲೆ ಮಲಗಿದ್ದ. ಹೋದ ವರ್ಷ ಮದುವೆ ಮಾತುಕತೆಗೆ ಬಂದಾಗ ಹೃಷಿಕೇಶನ ಬೆನ್ನಿಗೆ ಗುದ್ದಿ ನಕ್ಕ ಆಳು ಅವನು. ಈಗ ಚರ್ಮ ಹೊದ್ದ ಎಲುಬಿನ ಗೂಡು. ಅವನ ಬಾಯಿಂದ ಹಸಿ ಮಣ್ಣಿನ ವಾಸನೆ ಬರುತ್ತಿತ್ತು. ಹೊಟ್ಟೆಯ ಹುಣ್ಣು ಎಂದು ಮನೆಯವರು ಹೇಳಿದ್ದರು. ಹೃಷಿಕೇಶ ನಂಬಿದ್ದ.

ಹೊತ್ತು ಏರುತ್ತಿದ್ದಂತೆ ಮನೆ ತುಂಬ ಅಡುಗೆಯ ಘಮ ಹರಡಿತು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಎಳೆಯ ಕಾಳುಗಳನ್ನು ಬೇಯಿಸಿ ಕಲಸಿದ ಭಜ್ಜಿ, ಶೇಂಗಾ ಹೋಳಿಗೆ. ಊರು ಬಿಟ್ಟು ಎಷ್ಟು ವರ್ಷವಾದರೂ ಉಮಾಪತಿ ಚರಗ ಚೆಲ್ಲುವುದನ್ನು ಬಿಟ್ಟವನಲ್ಲ. ಭೂಮ್ತಾಯಿ ಬಸುರಿ, ಅವಳಿಗೆ ಮೊದಲ ಊಟ ಎಂದು ಎಲ್ಲ ಅಡುಗೆಯನ್ನೂ ಕಲಸಿ ಬುಟ್ಟಿಗೆ ತುಂಬಿಕೊಂಡು ಹೊಲದ ಸುತ್ತ ಎರಚುತ್ತಾ ನಡೆದ. ಹಿಂದೆ ಹೃಷಿಕೇಶ ತಂಬಿಗೆಯಿಂದ ನೀರು ಚಿಮುಕಿಸುತ್ತಾ ಹೋದ. ಮೂರು ಮೂಲೆ ಮುಗಿಯಿತು. ನಾಲ್ಕನೆಯದರ ಹತ್ತಿರ ಉಮಾಪತಿ ನಿಂತುಬಿಟ್ಟ. ಬುಟ್ಟಿಯಲ್ಲಿ ಇನ್ನೂ ಅನ್ನವಿತ್ತು.

"ಅಲ್ಲಿ ಚೆಲ್ಲೂದಿಲ್ಲ. ಬರ್ರಿ, ಜಲ್ದಿ ಹೋಗೂಣು," ಎಂದ. ಹಾಗೆನ್ನುತ್ತಲೇ ಬುಟ್ಟಿಯನ್ನು ಅಳಿಯನ ಕಾಲ ಬಳಿ ಇಳಿಸಿ, ತಾನೊಬ್ಬನೇ ಮನೆಯ ಕಡೆ ನಡೆದ.

ಈಗ ನೀವೇ ಹೇಳಿ, ಬೇಡವೆಂದು ಎಚ್ಚರಿಸುವವನು ಬುಟ್ಟಿಯನ್ನು ಯಾಕೆ ಬಿಟ್ಟುಹೋಗುತ್ತಾನೆ? ಹೃಷಿಕೇಶ ಅದನ್ನು ಯೋಚಿಸಲಿಲ್ಲ. ಜಾಣನಿಗೆ ತನ್ನ ಜಾಣತನವೇ ಕಣ್ಣಿಗೆ ಕಟ್ಟಿದ ಬಟ್ಟೆ. ಓದಿದವರೂ ಹೀಗೆ ಹೆದರುತ್ತಾರಲ್ಲ, ಊಟದ ಹೊತ್ತಿಗೆ ಇವರ ಭಯ ಬಿಡಿಸಿ ನಗಿಸುತ್ತೇನೆ ಎಂದುಕೊಂಡು ಬುಟ್ಟಿ ಎತ್ತಿಕೊಂಡ.

ಬಾರಿ ಗಿಡದ, ಎಂದರೆ ಎಲಚಿ ಮರದ, ಕೆಳಗೆ ಒಂದು ಹಿತ್ತಾಳೆ ತಾಟು ಬೋರಲು ಬಿದ್ದಿತ್ತು. ಅಂಚಿನ ಸುತ್ತ ಕಬ್ಬಿಣದ ಮೊಳೆ ಹೊಡೆದು ಅದನ್ನು ನೆಲಕ್ಕೆ ಬಿಗಿದಿದ್ದರು. ಮೊಳೆಗಳ ತಲೆಯಲ್ಲಿ ಒಣಗಿದ ಕುಂಕುಮ. ಸುತ್ತ ಹುಲ್ಲಿಲ್ಲ, ಇರುವೆ ಕೂಡ ಇಲ್ಲ. ನಡುಹಗಲಿನ ಬಿಸಿಲಲ್ಲೂ ಆ ನೆರಳು ಕಪ್ಪಗೆ, ತಣ್ಣಗೆ ಕೂತಿತ್ತು. ಎರಡು ದಿನ ಉಣ್ಣದವರ ಬಾಯಿಂದ ಬರುವ ಹುಳಿ ನಾತ ಅಲ್ಲಿ ನಿಂತಿತ್ತು. ಕಿತ್ತಳೆ ತೋಟದ ಗಿಳಿಗಳ ಗದ್ದಲ ಇದ್ದಕ್ಕಿದ್ದಂತೆ ಕಡಿದುಹೋಯಿತು.

"ತಗೊಳ್ಳಮ್ಮಾ, ಊಟ ಮಾಡು," ಎಂದು ತಮಾಷೆಗೆ ಹೇಳಿ ಒಂದು ತುತ್ತನ್ನು ತಾಟಿನ ಬೆನ್ನ ಮೇಲಿಟ್ಟ.

ತಾಟಿನ ಒಳಗಿಂದ ಸದ್ದು ಬಂತು. ಬೆರಳುಗುರು ಲೋಹವನ್ನು ಗೀರುವ ಸದ್ದು. ಅದು ನಿಂತಿತು. ಆಮೇಲೆ ನಿಧಾನಕ್ಕೆ, ಹಲ್ಲಿಲ್ಲದ ಬಾಯಿ ಜಗಿಯುವ ಸದ್ದು. ತಾಟಿನ ಮೇಲಿನ ತುತ್ತು ಅಲುಗಲಿಲ್ಲ, ಆದರೆ ಅದರ ಎಣ್ಣೆಯ ಮಿರುಗು ಅವನು ನೋಡುತ್ತಿದ್ದಂತೆ ಆರಿತು, ಬಣ್ಣ ಬಿಳಿಚಿತು, ಕೊನೆಗೆ ಬೂದಿಯಾಗಿ ಕುಸಿಯಿತು. ಹೃಷಿಕೇಶ ಬುಟ್ಟಿ ಬಿಟ್ಟು ಹಿಂದಕ್ಕೆ ಸರಿದ. ಕೆಳಗೆ ಇಲಿ ಇರಬೇಕು ಎಂದು ಗಟ್ಟಿಯಾಗಿ ತನಗೇ ಹೇಳಿಕೊಂಡ. ಮನೆಯ ತನಕ ಓಡಲಿಲ್ಲ, ಆದರೆ ನಡೆಯಲೂ ಇಲ್ಲ.

ಕಟ್ಟೆಯ ಮೇಲೆ ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಿದ್ದಳು. ಒಳಗೆ ನಂದೀಶ ಎದ್ದು ಕೂತಿದ್ದ.

"ಅವ್ವಾ, ಹೋಳಿಗಿ ವಾಸ್ನಿ ಬರಾಕತ್ತೈತಿ. ಹಸಿವ್ಯಾಗ್ಯದ ನನಗ," ಎಂದ.

ಎಲ್ಲರೂ ಊಟಕ್ಕೆ ಕೂತರು. ನಂದೀಶ ಎರಡೂ ಕೈಯಲ್ಲಿ ತಿಂದ. ಕೆನ್ನೆಗೆ ತುಪ್ಪ ಮೆತ್ತಿಕೊಂಡು, ಕಣ್ಣೀರು ಸುರಿಸುತ್ತಾ ತಿಂದ. ಆಶ್ಚರ್ಯದಿಂದ ಅವನನ್ನೇ ನೋಡುತ್ತಾ ಹೃಷಿಕೇಶ ಹೋಳಿಗೆ ಮುರಿದು ಬಾಯಿಗಿಟ್ಟ.

ಮಣ್ಣು.

ಉಗುಳಿದ. ತಾಟಿನಲ್ಲಿ ಕರಿ ಎರೆಮಣ್ಣು ಬಿತ್ತು. ರೊಟ್ಟಿ ಕಚ್ಚಿದ. ಮಣ್ಣು. ನೀರು ಕುಡಿದ. ಬಾಯಿಯಲ್ಲಿ ಅದು ರಾಡಿಯಾಯಿತು. ಬಾಯಿಗೆ ಬೆರಳು ಹಾಕಿ ಕೆದಕಿದ. ಗಂಟಲಲ್ಲಿ ಬೇರು ಸಿಕ್ಕಿತು. ಎಳೆದ. ತೊಗರಿಯ ಬೇರು, ಗೇಣುದ್ದ, ಹಸಿಯಾಗಿತ್ತು. ಯಾರೂ ಚೀರಲಿಲ್ಲ. ಅತ್ತೆ ಮಗನಿಗೆ ಇನ್ನೊಂದು ಹೋಳಿಗೆ ಬಡಿಸಿದಳು.

ಆ ಸಂಜೆಯೇ ಶ್ರೀರಕ್ಷಾ ಅವನನ್ನು ನಾಗಪುರದ ಆಸ್ಪತ್ರೆಗೆ ಕರೆದೊಯ್ದಳು. ನಳಿಗೆ ಇಳಿಸಿ ನೋಡಿದವರಿಗೆ ಹೊಟ್ಟೆಯಲ್ಲಿ ಏನೂ ಕಾಣಲಿಲ್ಲ. ಕೈಗೆ ಸಲೈನ್ ಚುಚ್ಚಿದರು. ಸ್ವಲ್ಪ ಹೊತ್ತಿಗೆ ನಳಿಗೆಯ ನೀರು ಕಂದಿ, ಕೆಸರಾಗಿ ಕಟ್ಟಿಕೊಂಡಿತು. ನರ್ಸು ಬದಲಿಸಿದಳು. ಅದೂ ಕಟ್ಟಿತು. ಹಸಿವು ಮಾತ್ರ ಎಲ್ಲೂ ಕಟ್ಟಲಿಲ್ಲ. ಅದು ಮನುಷ್ಯರ ಹಸಿವಾಗಿರಲಿಲ್ಲ. ಪಕ್ಕದ ಹಾಸಿಗೆಯವನು ಇಡ್ಲಿ ತಿನ್ನುವಾಗ ಹೃಷಿಕೇಶನಿಗೆ ಅವನ ಗಂಟಲು ಸೀಳಿ ಆ ತುತ್ತನ್ನು ತೆಗೆದುಕೊಳ್ಳಬೇಕು ಅನ್ನಿಸಿತು. ತನಗೆ ಹಾಗನ್ನಿಸಿದ್ದಕ್ಕೆ ಹೆದರಿ ಹಾಸಿಗೆಯ ಅಂಚು ಕಚ್ಚಿ ಅತ್ತ.

"ನಿಂಗೆ ಗೊತ್ತಿತ್ತು," ಎಂದ ಹೆಂಡತಿಗೆ.

ಶ್ರೀರಕ್ಷಾ ತಲೆ ಎತ್ತಲಿಲ್ಲ. "ಅಣ್ಣ ಸಾಯಾಕತ್ತಿದ್ದ ಹೃಷಿ. ನೀವು ಹೋಗೂದಿಲ್ಲ ಅಂದ್ಕೊಂಡಿದ್ದೆ."

ಹಸಿ ಸುಳ್ಳು. ಇಬ್ಬರಿಗೂ ಗೊತ್ತಿತ್ತು.

ಹೊಲಕ್ಕೆ ಮರಳಿದ ಮೇಲೆ ಅತ್ತೆಯೇ ಬಾಯಿ ಬಿಟ್ಟಳು. ಹಿಂದೆ ಈ ಹೊಲದ ಒಡೆಯ ಪಾಲು ಕೇಳಿದ ವಿಧವೆ ಅತ್ತಿಗೆಯನ್ನು ಕೂಡಿಹಾಕಿ, ಅನ್ನ ಕೊಡದೆ ಕೊಂದಿದ್ದನಂತೆ. ಅವಳ ಹಸಿವು ಮನೆಯೊಳಗೆ ಅಡ್ಡಾಡತೊಡಗಿದಾಗ ಮಾಟಗಾರನನ್ನು ಕರೆಸಿ, ಅವಳು ಉಣ್ಣುತ್ತಿದ್ದ ತಾಟಿನಡಿಯಲ್ಲೇ ಅದನ್ನು ಕಟ್ಟಿಹಾಕಿಸಿ, ಹೊಲ ಮಾರಿ ಓಡಿಹೋದ. ಎರಡು ತಿಂಗಳ ಹಿಂದೆ ಸೀಗಿ ಹುಣ್ಣಿಮೆಯ ದಿನ ಏನೂ ತಿಳಿಯದೆ ನಂದೀಶ ಅಲ್ಲಿ ಚರಗ ಚೆಲ್ಲಿದ್ದ. ಅದು ಉಣಿಸಿದ ಕೈಯನ್ನೇ ಹಿಡಿದುಕೊಂಡಿತು. ಅದೇ ಮಾಟಗಾರನನ್ನು ನೀಲಾಂಬಿಕಾ ಹುಡುಕಿ ಹೋಗಿ ಕಾಲು ಹಿಡಿದಾಗ ಅವನು ಒಂದೇ ದಾರಿ ಹೇಳಿದ: ಅದಕ್ಕೆ ಸಿಕ್ಕವನೊಡನೆ ರಕ್ತದ ಇಲ್ಲವೆ ನಂಟಿನ ಋಣ ಇರುವ ಇನ್ನೊಬ್ಬರು, ಬೇಡ ಎಂದು ಹೇಳಿಸಿಕೊಂಡ ಮೇಲೂ, ತಮ್ಮ ಮನಸ್ಸಿನಿಂದ ಅಲ್ಲಿ ತುತ್ತು ಇಡಬೇಕು. ಆಗ ಅದು ಹಳೆಯವನನ್ನು ಬಿಟ್ಟು ಹೊಸಬರನ್ನು ಹಿಡಿಯುತ್ತದೆ.

"ನೀವೇ ಯಾಕೆ ಇಡ್ಲಿಲ್ಲ? ಹೆತ್ತ ತಾಯಿ ನೀವು."

"ಹೋಗಿದ್ನಿರಿ. ಗಿಡದ ತನಕ ಹೋಗ್ತಿದ್ದೆ. ಕೈ ಮುಂದ ಬರ್ತಿರ್ಲಿಲ್ಲ." ಅತ್ತೆ ನೆಲ ನೋಡುತ್ತಾ ಹೇಳಿದಳು. ಆಮೇಲೆ ದನಿ ತಗ್ಗಿಸಿ, "ನಿಮ್ಮ ತಾಯಾರು ಭಾಳ ಗಟ್ಟಿ ಜೀವ ಅಂತ ರಕ್ಷಾ ಹೇಳ್ತಿರ್ತಾಳ," ಎಂದಳು.

ಹೃಷಿಕೇಶ ಕೈಗೆ ಸಿಕ್ಕ ತಂಬಿಗೆಯನ್ನು ಅವಳ ಮೇಲೆ ಎಸೆದ. ನಿಮ್ಮ ವಂಶ ಹಾಳಾಗಲಿ ಎಂದು ಕೂಗಿದ. ಕೂಗಿಗೆ ಬಾಯಿಂದ ಮಣ್ಣು ಉದುರಿತು. ಮರುದಿನ ಬೆಳಗಾಗುವ ಹೊತ್ತಿಗೆ ಅವನಿಗೆ ಏಳಲು ಆಗಲಿಲ್ಲ. ಅಂಗಳದಲ್ಲಿ ನಂದೀಶ ಕಿತ್ತಳೆ ಸುಲಿಯುತ್ತಿದ್ದ. ಸಿಪ್ಪೆಯ ವಾಸನೆ ಒಳಗೆ ಬಂತು. ಹೃಷಿಕೇಶ ಮೊಬೈಲು ತೆಗೆದುಕೊಂಡು ಮೈಸೂರಿಗೆ ಫೋನ್ ಮಾಡಿದ. ಒಮ್ಮೆ ಅಮ್ಮನನ್ನು ನೋಡಬೇಕು, ಅಷ್ಟೇ, ಬೇರೇನಿಲ್ಲ ಎಂದು ತನ್ನ ಮನಸ್ಸಿಗೆ ಹೇಳಿಕೊಂಡ. ಮನಸ್ಸು ಒಪ್ಪಿದಂತೆ ನಟಿಸಿತು.

ಅವನ ಅಮ್ಮ ಸತ್ಯಭಾಮಾ ವಿಮಾನ ಹಿಡಿದು ಬಂದಳು. ಗಂಡ ತೀರಿದ ಮೇಲೆ ಹಪ್ಪಳ ಸಂಡಿಗೆ ಮಾರಿ ಒಬ್ಬನೇ ಮಗನನ್ನು ಎಂಜಿನಿಯರ್ ಮಾಡಿದವಳು. ಚೀಲದಲ್ಲಿ ಅವನಿಗೆಂದು ಕೊಬ್ಬರಿ ಮಿಠಾಯಿ ತಂದಿದ್ದಳು. ಮಂಚದ ಬಳಿ ಬಂದವಳು ಚೀಲ ಹಿಡಿದೇ ಕುಸಿದು ಕೂತಳು.

ಹೃಷಿಕೇಶ ಅವಳಿಗೆ ಎಲ್ಲವನ್ನೂ ಹೇಳಿದ. ಒಂದನ್ನೂ ಮುಚ್ಚಿಡಲಿಲ್ಲ. ತಾಟು ಎಲ್ಲಿದೆ, ತುತ್ತು ಎಲ್ಲಿಡಬೇಕು, ಇಟ್ಟವರಿಗೆ ಏನಾಗುತ್ತದೆ, ಯಾರಿಗಾಗಿ ಇಟ್ಟರೋ ಅವರಿಗೆ ಏನಾಗುತ್ತದೆ. ಹೇಳಿ ಮುಗಿಸಿ, ಕಿಟಕಿಯ ಕಡೆ ನೋಡುತ್ತಾ, "ನೀನು ಮಾತ್ರ ಆ ಕಡೆ ಹೋಗ್ಬೇಡಮ್ಮ," ಎಂದ.

ಸತ್ಯಭಾಮಾ ಮಗನ ಮುಖವನ್ನು ಬಹಳ ಹೊತ್ತು ನೋಡಿದಳು. ಆ ಮುಖ ಯಾವಾಗ ಸುಳ್ಳು ಹೇಳುತ್ತದೆ ಎಂಬುದು ಅವನಿಗಿಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಹಸಿವಾಗ್ತಿದ್ಯಾ ಮಗಾ?"

ಬೇಡ ಎಂದು ಇನ್ನೊಮ್ಮೆ ಹೇಳಬಹುದಿತ್ತು. ಕೈ ಹಿಡಿದು ಕೂರಿಸಿಕೊಳ್ಳಬಹುದಿತ್ತು. "ತುಂಬಾ ಅಮ್ಮ," ಎಂದ.

ಅವಳು ಎದ್ದಳು. ಅಡುಗೆಮನೆಗೆ ಹೋಗಿ ಬಟ್ಟಲಲ್ಲಿ ಮೊಸರನ್ನ ಕಲಸಿಕೊಂಡಳು. ಉಪ್ಪು ಸರಿಯಿದೆಯೇ ಎಂದು ನೋಡಿ ಇನ್ನೊಂದು ಚಿಟಿಕೆ ಹಾಕಿದಳು. ಅವಳು ಅಂಗಳಕ್ಕೆ ಇಳಿದಾಗ ಉಮಾಪತಿಗೆ ತಡೆಯಲಾಗಲಿಲ್ಲ. "ಬ್ಯಾಡ್ರಿ ಬೀಗತಿಯರ, ಹೋಗಬ್ಯಾಡ್ರಿ," ಎಂದು ಕೂಗಿದ. ನೀಲಾಂಬಿಕಾ ಗಂಡನ ಬಾಯಿ ಮುಚ್ಚಿಸಲಿಲ್ಲ. ಬೇಡ ಅಂದಷ್ಟೂ ಒಳ್ಳೆಯದೇ ಎಂದು ಅವಳಿಗೆ ಗೊತ್ತಿತ್ತು.

ಹೃಷಿಕೇಶ ಕಿಟಕಿಯಿಂದ ನೋಡಿದ. ಹತ್ತಿ ಸಾಲುಗಳ ನಡುವೆ ಅಮ್ಮ. ಸೊಂಟನೋವಿನ ನಡಿಗೆ. ಕೈಯಲ್ಲಿ ಬಟ್ಟಲು. ಕೂಗು, ಅವನು ತನಗೆ ಹೇಳಿಕೊಂಡ. ಒಂದು ಸಲ ಕೂಗು. ಬಾಯಿ ತೆರೆದ. ಬಾಯಿಯಲ್ಲಿ ಮಣ್ಣಿತ್ತು. ಉಗುಳಿ ಕೂಗಬಹುದಿತ್ತು. ಅವಳು ಗಿಡದ ನೆರಳು ಹೊಕ್ಕಳು. ಬಗ್ಗಿದಳು. ಗಿಳಿಗಳು ಸುಮ್ಮನಾದವು. ಅವನು ಉಗುಳಲಿಲ್ಲ.

ಅಡುಗೆಮನೆಯಿಂದ ಒಗ್ಗರಣೆಯ ಘಮ ಬಂತು. ಸಾಸಿವೆ, ಬೆಳ್ಳುಳ್ಳಿ, ಕರಿಬೇವು. ಎಷ್ಟು ಹೊತ್ತಿನಿಂದ ಅದು ಅಲ್ಲಿತ್ತೋ! ಬಾಯಲ್ಲಿ ನೀರೂರಿತು, ತಿಳಿಯಾದ ನೀರು. ಅತ್ತೆ ಅವಸರದಲ್ಲಿ ತಾಟು ತಂದಿಟ್ಟಳು. ಬಿಸಿ ರೊಟ್ಟಿ, ಪುಂಡಿ ಪಲ್ಯ, ಮೇಲೆ ಬೆಣ್ಣೆ. ಹೃಷಿಕೇಶ ಮಂಚದಿಂದ ಜಾರಿ ನೆಲಕ್ಕೇ ಕೂತು ಬಾಚಿಕೊಂಡು ತಿಂದ.

ಸತ್ಯಭಾಮಾ ಖಾಲಿ ಬಟ್ಟಲು ಹಿಡಿದು ಒಳಗೆ ಬಂದಾಗಲೂ ಅವನು ತಿನ್ನುತ್ತಿದ್ದ. ಅವಳು ಎದುರಿಗೆ ಕೂತು, ಮಗ ಉಣ್ಣುವುದನ್ನು ಕಣ್ತುಂಬ ನೋಡಿದಳು.

"ನಿಧಾನ ಕಣೋ, ನೆತ್ತಿಗೆ ಹತ್ತೀತು," ಎಂದಳು.

ಶ್ರೀರಕ್ಷಾ ಅವಳಿಗೂ ಒಂದು ತಾಟು ಇಟ್ಟಳು, ಅತಿಥಿಗೆ ಇಡಬೇಕಲ್ಲ ಎಂದೋ, ಏನಾಗುತ್ತದೆ ನೋಡೋಣವೆಂದೋ. ಸತ್ಯಭಾಮಾ ರೊಟ್ಟಿಯ ಚೂರು ಮುರಿದು ಬಾಯಿಗಿಟ್ಟಳು. ಅವಳ ದವಡೆ ನಿಂತಿತು. ತುಟಿಯಂಚಿನಲ್ಲಿ ಕಪ್ಪು ಗೆರೆಯೊಂದು ಇಳಿಯಿತು. ಮಗ ನೋಡದಿರಲೆಂದು ಅವಳು ಅದನ್ನು ಸೆರಗಿನಿಂದ ಒರೆಸಿ, ಕಣ್ಣು ಮುಚ್ಚಿ, ಕಷ್ಟಪಟ್ಟು ನುಂಗಿದಳು.

ಮಗ ನೋಡಿದ. ಎದೆಯಲ್ಲಿ ಏನೋ ಹರಿದ ಹಾಗಾಯಿತು, ನಿಜ. ಆದರೆ ರೊಟ್ಟಿ ಬಹಳ ರುಚಿಯಾಗಿತ್ತು.

"ಇನ್ನೊಂದು ಹಾಕಿ ಅತ್ತೆ," ಎಂದು ಅವನು ತಾಟು ಮುಂದೆ ಚಾಚಿದ.